ಹೀಟರಿನಿಂದ ಬಂದ ಮಂಕು

ಅಲಾಸ್ಕಾದ ಆ ನದಿದಂಡೆಯ ಊರಿಗೆ ರಸ್ತೆಯಿಲ್ಲ. ಚಳಿಗಾಲದಲ್ಲಿ ನೆಂಟರ ಮನೆಗೆ ಹೋಗಬೇಕಾದರೂ ಹಿಮಬಂಡಿ, ಇಲ್ಲವೇ ವಿಮಾನ. ಝಕಾರ್ ತನ್ನ ಪುಟ್ಟ ವಿಮಾನವನ್ನು ಮೂವತ್ತು ವರ್ಷದಿಂದ ಹಾರಿಸುತ್ತಿದ್ದ.

ಅಂದು ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿನ ಚಳಿ. ಹೆಂಡತಿ ಒಲಿಂಕಾಳ ಅಕ್ಕನ ಮನೆಯಿಂದ ಇಬ್ಬರೂ ವಾಪಸು ಹೊರಟಿದ್ದರು. ಝಕಾರ್ ಹೀಟರನ್ನು ಪೂರ್ತಿ ತಿರುಗಿಸಿ, ಗಾಳಿ ಬರುವ ಸಂದಿಗೆಲ್ಲ ಟೇಪು ಅಂಟಿಸಿದ್ದ.

ಅರ್ಧ ಗಂಟೆಯಲ್ಲಿ ಅವನ ತಲೆ ಸಿಡಿಯತೊಡಗಿತು. ಎಡಕ್ಕಿರಬೇಕಾದ ನದಿ ಬಲಕ್ಕಿತ್ತು. ಯಾವಾಗ ಬದಲಾಯಿತು? ದಿಕ್ಸೂಚಿ ನೋಡಿದ. ಅಂಕಿ ಕಾಣುತ್ತಿತ್ತು, ಅರ್ಥ ಹೊಳೆಯುತ್ತಿರಲಿಲ್ಲ.

“ಈ ನಡುಗಡ್ಡೆ ಆಗ್ಲೇ ನೋಡಿದ್ವಲ್ಲ,” ಎಂದಳು ಒಲಿಂಕಾ.

“ನಡುಗಡ್ಡೆ ಎಲ್ಲಾ ಒಂದೇ ಥರ ಇರ್ತವೆ.”

“ನಮ್ಮಣ್ಣ ಬಲೆ ಹಾಕೋ ಜಾಗ ಅದು. ನಂಗೊತ್ತಾಗಲ್ವಾ?”

ಝಕಾರ್‌ಗೆ ನಗು ಬಂತು. ಯಾಕೆಂದು ತಿಳಿಯಲಿಲ್ಲ. ಊರಿಗೆ ಹೊರಟಿದ್ದೇವೋ, ಒಲಿಂಕಾಳ ಅಕ್ಕನ ಮನೆಗೋ ಎಂಬುದೇ ಮರೆತುಹೋಗಿತ್ತು. ಹೆಂಡತಿಯನ್ನು ಕೇಳಲು ನಾಚಿಕೆಯಾಯಿತು.

“ವಾಂತಿ ಬರ್ತಿದೆ,” ಎನ್ನುತ್ತಾ ಒಲಿಂಕಾ ಟೇಪು ಕಿತ್ತು ಕಿಟಕಿ ತೆರೆದಳು. ಕೊರೆಯುವ ಗಾಳಿ ನುಗ್ಗಿತು.

“ಮುಚ್ಚೇ, ಹೆಪ್ಪುಗಟ್ಟಿ ಸಾಯ್ತೀವಿ.”

“ಮುಚ್ಚಲ್ಲ. ಕೆಳಗಿಳಿಸು.”

ಕೆಲವು ನಿಮಿಷ ಆ ಗಾಳಿ ಕುಡಿದ ಮೇಲೆ, ಕೆಳಗಿರುವುದು ಗಟ್ಟಿಯಾಗಿ ಹೆಪ್ಪುಗಟ್ಟಿದ ನದಿ, ಅಲ್ಲಿ ಇಳಿಯಬಹುದು ಎನ್ನುವಷ್ಟು ತಿಳಿವು ಝಕಾರ್‌ಗೆ ಬಂತು. ವಿಮಾನ ಎರಡು ಸಲ ಕುಪ್ಪಳಿಸಿ ನಿಂತಿತು. ರೇಡಿಯೋದಲ್ಲಿ ಕರೆದಾಗ ಊರವರು ಹಿಮಬಂಡಿ ತಂದು ಇಬ್ಬರನ್ನೂ ಊರಿಗೆ ಕರೆದೊಯ್ದರು.

ಊರಿನ ಆರೋಗ್ಯ ಕಾರ್ಯಕರ್ತೆ ಅನೀಸಿಯಾ ಝಕಾರ್‌ನ ಅಕ್ಕನ ಮಗಳು. ಇಬ್ಬರಿಗೂ ಆಮ್ಲಜನಕದ ಮಾಸ್ಕ್ ಹಾಕಿ, ರಕ್ತದ ಆಮ್ಲಜನಕ ಅಳೆಯುವ ಮಿಷನ್ ಬೆರಳಿಗೆ ಸಿಕ್ಕಿಸಿದಳು.

ಝಕಾರ್ ಮಾಸ್ಕ್ ಸರಿಸಿದ. “ಚಳಿಗೆ ತಲೆನೋವು ಕಣೇ, ಅಷ್ಟೆ. ಬೆರಳಿನ ಮಿಷನ್ ನೋಡು, ತೊಂಬತ್ತೆಂಟು ಅಂತಿದೆ.”

“ಅದಕ್ಕೆ ಆಮ್ಲಜನಕ ಯಾವ್ದು, ವಿಷ ಯಾವ್ದು ಗೊತ್ತಾಗಲ್ಲ ಮಾವ. ನೀವು ಎಂಜಿನ್ ಹೊಗೆ ಕುಡಿದಿದೀರ.”

“ವಾಸ್ನೆನೇ ಬರ್ಲಿಲ್ಲ.”

“ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣಾನೂ ಇಲ್ಲ. ಹೊಗೆ ಕೊಳವೆ ಸುತ್ತ ಬಿಸಿಯಾದ ಗಾಳಿನೇ ತಾನೇ ನಿಮ್ಮ ಹೀಟರಲ್ಲಿ ಬರೋದು? ಆ ಕೊಳವೆ ಬಿರುಕು ಬಿಟ್ರೆ?”

“ಹಾಗಾಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?”

“ಮೊದ್ಲು ಕೆಡೋದೇ ತಲೆ. ಕೆಟ್ಟಿದೆ ಅಂತ ತಿಳ್ಕೊಳ್ಳೋಕೆ ಇನ್ನೊಂದು ತಲೆ ಎಲ್ಲಿಂದ ತರ್ತೀರಾ?”

“ನಂದಿತ್ತಲ್ಲ, ಪಕ್ಕದಲ್ಲೇ,” ಎಂದಳು ಒಲಿಂಕಾ ಮಾಸ್ಕಿನೊಳಗಿಂದ.

ಮರುವಾರ ಮೆಕ್ಯಾನಿಕ್ ಹೊಗೆ ಕೊಳವೆ ಬಿಚ್ಚಿದ. ಉಗುರಿನುದ್ದದ ಬಿರುಕು, ಕೂದಲಿನಷ್ಟು ತೆಳು. ಝಕಾರ್ ಅದರ ಮೇಲೆ ಬೆರಳಾಡಿಸಿದ. ಆಮೇಲೆ ಹೊಸ ಕೊಳವೆ ಹಾಕಿಸಿದ, ವಿಷಗಾಳಿ ಬಂದರೆ ಕೂಗುವ ಅಲಾರಂ ಕೂರಿಸಿದ.

ಚಳಿಯಲ್ಲಿ ವಿಮಾನ ಹಾರಿಸುವವರೇ, ಹಾರುವಾಗ ತಲೆ ನೋಯಿತೇ? ಹೊಟ್ಟೆ ತೊಳಸಿತೇ? ಗೊತ್ತಿದ್ದ ದಾರಿ ಹೊಸದಾಗಿ ಕಂಡಿತೇ? ಹೀಟರ್ ಆರಿಸಿ, ಹೊರಗಿನ ಗಾಳಿ ಬಿಡಿ, ಹತ್ತಿರದಲ್ಲೇ ಇಳಿಯಿರಿ. ಅಲಾರಂ ಇಲ್ಲದೆ ಹಾರಬೇಡಿ. ಹೊಗೆ ಕೊಳವೆಯನ್ನು ಚಳಿ ಬಲಿಯುವ ಮೊದಲು, ಈ ವಾರವೇ ಮೆಕ್ಯಾನಿಕ್‌ಗೆ ತೋರಿಸಿ.