ಒಂದು ಗಂಟೆ ಕೂಡಿಸಿದ್ದು

ಇಟಲಿಯ ಬೆರ್ಗಾಮೊದಿಂದ ತಾಯ್ನಾಡಿನ ಯಾಶಿಗೆ ಸಾವಿರದ ನಾನ್ನೂರು ಕಿಲೋಮೀಟರಿಗೆ ತುಸು ಕಡಿಮೆ, ವಿಮಾನದಲ್ಲಿ ಬರೀ ಎರಡು ತಾಸು. ಆ ಎರಡು ತಾಸಿಗಾಗಿ ಲೆನುತ್ಸಾ ಹಿಂದಿನ ಸಂಜೆಯೇ ತಾನು ನೋಡಿಕೊಳ್ಳುವ ಮುದುಕಿಗೆ ಉಣ್ಣಿಸಿ, ಮಗ್ಗುಲು ಬದಲಿಸಿ, ಬದಲಿಗೆ ಬಂದ ಹೆಂಗಸಿಗೆ ಮಾತ್ರೆಗಳನ್ನು ಒಪ್ಪಿಸಿ, ಕೊನೆಯ ಬಸ್ಸು ಹಿಡಿದು, ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕೂತೇ ಬೆಳಗು ಮಾಡಿದ್ದಳು. ಯಾಶಿಯಲ್ಲಿ ಇಳಿದಾಗ ಎಂಟೂವರೆ. ಮೈ ಹಿಂಡಿ ಹಾಕಿದ ಬಟ್ಟೆಯಂತಾಗಿತ್ತು.

ಹತ್ತಕ್ಕೆ ಊರಿನ ಶಾಲೆ ಶುರು. ಮಗಳು ಇಲಿಂಕಾಳನ್ನು ಒಂದನೇ ತರಗತಿಗೆ ತಾನೇ ಕೈ ಹಿಡಿದು ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದಳು. ಆ ಮಗುವಿಗೆ ಕೊಟ್ಟ ಮಾತುಗಳಲ್ಲಿ ಉಳಿಸಿಕೊಂಡದ್ದು ಎಷ್ಟು ಎಂದು ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಊರು ಒಂದು ತಾಸಿನ ದಾರಿ. ತಮ್ಮ ಕೋಸ್ತಿಕಾ ಕಾರು ತರಬೇಕಿತ್ತು. ಹೊರಗೆ ಅವನಿಲ್ಲ, ಫೋನೂ ಎತ್ತಲಿಲ್ಲ. ಕಾರು ಓಡಿಸುತ್ತಿರಬೇಕು, ಇನ್ನೇನು ಬಂದ ಎಂದುಕೊಂಡಳು. ಟ್ಯಾಕ್ಸಿಯವನು ಕರೆದಾಗ ಬೇಡವೆಂದು ಕೈಯಾಡಿಸಿದಳು. ಸೂಟ್‌ಕೇಸಿನ ಮೇಲೆ ಕೂತಳು, ತೂಕಡಿಸಿದಳು, ಬೆಚ್ಚಿ ಎದ್ದಳು.

ಒಂಬತ್ತೂಕಾಲು ದಾಟಿದ ಮೇಲೆ ಕೋಸ್ತಿಕಾ ಹಲ್ಲು ಕಿರಿಯುತ್ತ ಬಂದ.

"ನೋಡ್ದ್ಯಾ ಅಕ್ಕಾ, ಹತ್ತು ನಿಮಿಷ ಮುಂಚೇನೇ ಬಂದಿದ್ದೀನಿ! ಇನ್ಮೇಲೆ ಸೋಮಾರಿ ಅನ್ಬೇಡ."

"ಎಂಟೂವರೆಗೆ ಇಳೀತೀನಿ ಅಂತ ಹೇಳಿರ್ಲಿಲ್ವೇನೋ?"

"ನೀನು ಹೇಳಿದ್ದೆ. ನೀನು ಎಂಟೂವರೆ ಅಂದ್ರೆ ನಮಗೆ ಒಂಬತ್ತೂವರೆ. ಯಾವಾಗ್ಲೂ ಹಂಗೇ ತಾನೆ?"

ಹಾಗೇ. ಇಟಲಿಯ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ. ಅವಳು ಫೋನಿನಲ್ಲಿ ಹೇಳುವುದು ಅಲ್ಲಿನ ವೇಳೆ. ಮನೆಯವರು ಕೇಳಿದ ಕೂಡಲೇ ಒಂದು ಕೂಡಿಸಿಕೊಳ್ಳುವುದು ರೂಢಿ. ಈ ಸಲ ಮಾತ್ರ ಅವಳು ಟಿಕೆಟ್ ನೋಡಿ ಹೇಳಿದ್ದಳು. ಟಿಕೆಟಿನಲ್ಲಿ ಇಳಿಯುವ ಊರಿನ ವೇಳೆಯೇ ಇರುತ್ತದೆ. ಅದನ್ನು ಬಿಡಿಸಿ ಹೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

"ವಿಮಾನದೋರು ನಮ್ಮ ಟೈಮ್ ಬರೀತಾರೆ ಅಂತ ನಂಗೇನ್ ಗೊತ್ತು? ನಾನ್ಯಾವತ್ತು ಹತ್ತಿದ್ದೆ ಅದನ್ನ? ಶಾಲೆ ಹತ್ತಕ್ಕೆ ಅಂತ ನೀನು ಅಂದಿದ್ದಕ್ಕೂ ಒಂದು ಕೂಡಿಸಿ ಹನ್ನೊಂದು ಅಂದ್ಕೊಂಡಿದ್ದೆ." ಕೋಸ್ತಿಕಾನ ಮುಖ ಸಣ್ಣಗಾಯಿತು.

"ಫೋನು?"

"ಕೋಟಲ್ಲಿ. ಕೋಟು ಡಿಕ್ಕೀಲಿ."

ಬೈಯಲು ಅವಳಲ್ಲಿ ತ್ರಾಣವಿರಲಿಲ್ಲ. "ಓಡ್ಸು" ಎಂದಳು.

ಅವನು ಓಡಿಸಿದ. ಆದರೂ ಶಾಲೆ ಮುಟ್ಟುವಷ್ಟರಲ್ಲಿ ಅಂಗಳ ಬರಿದಾಗಿತ್ತು. ಗೇಟಿನ ಬಳಿ ತಾಯಿ ಪ್ರೋಫಿರಾ ಒಬ್ಬಳೇ ನಿಂತಿದ್ದಳು.

"ಈಗ ಬಂದ್ಯಾ? ಒಳಗೆ ಹೋದ್ಳು ಕಣೇ. ಗಂಟೆ ಹೊಡೆದ್ಮೇಲೂ ಹೂ ಹಿಡ್ಕೊಂಡು ಇಲ್ಲೇ ನಿಂತಿದ್ಳು. ಕೊನೆಗೆ ಟೀಚರೇ ಬಂದು ಕರ್ಕೊಂಡು ಹೋದ್ರು."

"ಅತ್ಲಾ ಅಮ್ಮಾ?"

"ಅತ್ತಿದ್ರೆ ಚೆನ್ನಾಗಿರ್ತಿತ್ತು."

ಲೆನುತ್ಸಾ ಕಾಂಪೌಂಡಿಗೆ ಒರಗಿ ನಿಂತಳು. ಮನೆಗೆ ಹೋಗಿ ಅಡ್ಡಾಗು ಎಂದು ತಾಯಿ ಎಷ್ಟು ಹೇಳಿದರೂ ಕದಲಲಿಲ್ಲ.

ಮೊದಲ ದಿನವಾದ್ದರಿಂದ ಬೇಗ ಬಿಟ್ಟರು. ಹೂಗಳನ್ನೆಲ್ಲ ಟೀಚರಿಗೆ ಕೊಟ್ಟ ಮಕ್ಕಳು ಬರಿಗೈಯಲ್ಲಿ ಓಡಿ ಬಂದರು. ಇಲಿಂಕಾ ಓಡಲಿಲ್ಲ. ತಾಯಿಯನ್ನು ಕಂಡು ನಿಂತಳು. ಲೆನುತ್ಸಾ ಕೈ ಚಾಚಿದಳು. ಮಗು ಆ ಕೈಯನ್ನು ನೋಡಿತು, ಬೆನ್ನಿನ ಬ್ಯಾಗು ಕಳಚಿ ಅದಕ್ಕೆ ಸಿಕ್ಕಿಸಿತು.

"ಭಾರ ಇದೆ," ಎಂದಿತು.

ಆಮೇಲೆ ಅಜ್ಜಿಯ ಬೆರಳು ಹಿಡಿದು ಹೊರಟಿತು.

"ಕಾರಲ್ಲಿ ಕೂತ್ಕೊ ಅಕ್ಕಾ, ನಿಂತಲ್ಲೇ ನಿದ್ದೆ ಮಾಡ್ತಿದ್ದೀಯ," ಎಂದ ಕೋಸ್ತಿಕಾ.

"ಇರ್ಲಿ ಬಿಡೋ," ಎಂದಳು ಲೆನುತ್ಸಾ. ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಕಾಲೆಳೆಯುತ್ತ ಅವರಿಬ್ಬರ ಹಿಂದೆ ನಡೆದಳು.