ಕತ್ತಲ ತೊಟ್ಟಿಯ ಎಂಟು ಮೀನು

ಮೀನಿನ ತಲೆಯೊಳಗೆ ಮಾಣಿಕ್ಯವಿರುತ್ತದೆ, ಅದನ್ನು ಹಿಡಿದವರ ಎದುರು ಯಾರೂ ಸುಳ್ಳಾಡಲಾರರು ಎಂದು ಅಜ್ಜಿ ಕಥೆ ಹೇಳುತ್ತಿದ್ದಳು. ಅದನ್ನು ನಂಬಿಕೊಂಡೇ ಬಂದೆನೋ ಏನೋ, ಪ್ರಯೋಗಾಲಯದಲ್ಲಿ ಎರಡು ವರ್ಷದಿಂದ ಮೀನಿನ ತಲೆ ಬಿಡಿಸುತ್ತಿದ್ದೇನೆ. ಮಾಣಿಕ್ಯವಿಲ್ಲ. ಮೂಗಿಗೆ ಹೊಡೆಯುವ ನಾತ, ಬೆರಳಿಗೆ ಅಂಟುವ ಲೋಳೆ, ಅಕ್ಕಿಕಾಳಿನಷ್ಟು ಮೆದುಳು. ಊಟಕ್ಕೆ ಕೂತರೂ ಅದೇ ಕೈ, ತುತ್ತು ಇಳಿಯುವುದಿಲ್ಲ.

ಒಂದು ತೊಟ್ಟಿಗೆ ದಿನಕ್ಕೆ ಹದಿನಾರು ಗಂಟೆ ಬೆಳಕು. ಇನ್ನೊಂದಕ್ಕೆ ಎಂಟೇ ಗಂಟೆ, ಉಳಿದ ಹೊತ್ತು ಕಪ್ಪು ಪರದೆ. ಬೆಳಕಿನ ಮೀನಿನ ಮೆದುಳಿನಲ್ಲಿ, ಮೊಟ್ಟೆಯಿಡುವ ಕಾಲ ಬಂತೆಂದು ಸಾರುವ ಹಾರ್ಮೋನಿನ ಜೀನ್ ಎದ್ದು ಕೂರಬೇಕು, ಕತ್ತಲಿನದರಲ್ಲಿ ಮಲಗಿರಬೇಕು. ನನ್ನ ಪದವಿ ನಿಂತಿದ್ದೇ ಇದರ ಮೇಲೆ.

ಫಲಿತಾಂಶ ಬಂತು. ಕತ್ತಲ ತೊಟ್ಟಿಯ ಹನ್ನೆರಡು ಮೀನುಗಳಲ್ಲಿ ಎಂಟರ ಜೀನ್ ಕಣ್ಣು ಬಿಟ್ಟುಕೊಂಡಿತ್ತು.

“ಏನಮ್ಮಾ ಕನಸಿನ ರಾಣಿ,” ಎಂದರು ನನ್ನ ಮಾರ್ಗದರ್ಶಕರು, “ಆಕಾಶ ನೋಡ್ತಾ ಪರದೆ ಎಳೆಯೋದೇ ಮರ್ತ್ಯಾ?”

“ಪರದೆ ಎತ್ತಿದ್ದು ನೀವು ಸರ್. ಸಂಜೆ ಹೊತ್ತು, ಅತಿಥಿಗಳಿಗೆ ತೋರ್ಸೋಕೆ. ದೀಪಾನೂ ಹಾಕ್ತಿದ್ರಿ. ಬೇಡ ಅಂದಿದ್ದೆ.”

“ಅಷ್ಟಕ್ಕೇ ಮೀನು ಬಸುರಾಗ್ಬಿಡುತ್ತಾ?” ಹೊಟ್ಟೆ ಕುಲುಕಿಸಿ ನಕ್ಕರು. “ಹೋಗ್ಲಿ ಬಿಡು. ಎಂಟು ಮೀನು ಮಧ್ಯದಲ್ಲೇ ಸತ್ವು ಅಂತ ಬರಿ. ಉಳಿದ ನಾಲ್ಕು ಸಾಕು.”

“ಅವುಗಳ ತಲೆ ಬಿಡ್ಸಿದ್ದು ನಾನೇ ಸರ್. ಆ ದಿನದವರೆಗೂ ಬದುಕಿದ್ವು.”

“ಈಗ ಬದುಕಿದಾವಾ? ಇಲ್ಲ ತಾನೇ? ಮತ್ತೆ ಸುಳ್ಳೇನು ಬಂತು?”

ದಾಖಲೆ ಪುಸ್ತಕ ಮುಂದೆ ತಳ್ಳಿ, ತಮ್ಮದೇ ಪೆನ್ನು ನನ್ನ ಅಂಗೈಗೆ ಒತ್ತಿದರು. ಅದರ ತುಂಬ ಅವರ ಅತ್ತರು, ಬೆವರು. “ಬರಿ ಪುಟ್ಟಾ, ಪದವಿ ಬೇಡ್ವಾ?” ಪುಸ್ತಕವನ್ನು ನನ್ನತ್ತ ಎಳೆದುಕೊಂಡೆ.

ಬರೆದೆ. ಎಂಟೂ ಬದುಕಿದ್ದವು, ಎಂಟರ ಜೀನೂ ಎಚ್ಚರ. ಕೆಳಗೆ, ತೊಟ್ಟಿಯ ಚೀಟಿಯಲ್ಲಿ ನಾನು ಗುರುತು ಹಾಕಿಟ್ಟಿದ್ದ ಹತ್ತೊಂಬತ್ತು ಸಂಜೆಗಳ ತಾರೀಕು, ಪರದೆ ಎತ್ತಿದವರು ಯಾರೆಂಬುದು. ಸಹಿ ಹಾಕಿದೆ.

ಓದಿ ಅವರ ತುಟಿ ಮುದುಡಿತು. “ಎರಡು ವರ್ಷ ನೀರುಪಾಲು. ಬೇರೆ ಮಾರ್ಗದರ್ಶಕರನ್ನ ಹುಡುಕ್ಕೋ, ಹೋಗು.”

ಮೂರು ಸಲ ಕೈ ತೊಳೆದೆ. ಮೀನಿನ ನಾತ ಹೋಯಿತು. ಅತ್ತರು ಹೋಗಲಿಲ್ಲ.

“ಏನೇ, ಸಿಕ್ತಾ ಮಾಣಿಕ್ಯ?” ಮನೆಯಲ್ಲಿ ಅಜ್ಜಿ ಎಂದಿನಂತೆ ಕೆಣಕಿದಳು.

“ಇಲ್ಲ ಅಜ್ಜಿ. ಪದವೀನೂ ಹೋಯ್ತು. ಈ ಕೈಲಿ ತಿನ್ನೋಕಾಗಲ್ಲ, ನೀನೇ ಒಂದು ತುತ್ತು ಕೊಡು.”