ತಿಳಿ, ನಡು, ಗಾಢ

ನಮ್ಮ ಮನೆಯಲ್ಲಿ ಕೌದಿ ಎಂದರೆ ಇಬ್ಬರ ಕೆಲಸ. ಅಕ್ಕ ಬಟ್ಟೆಯ ತುಂಡುಗಳನ್ನು ಜೋಡಿಸುತ್ತಾಳೆ, ನಾನು ಹೊಲಿಯುತ್ತೇನೆ. ಅಕ್ಕ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ಅವಳ ಗಂಡ ಅಣ್ಣ, ನನ್ನ ಗಂಡ ತಮ್ಮ. ಅಣ್ಣತಮ್ಮಂದಿರಿಬ್ಬರೂ ಕೆಳಗಿನ ಅಂಗಡಿಯಲ್ಲಿ ಕೂತು ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುತ್ತಾರೆ. ನಾವಿಬ್ಬರು ಒಂದೇ ಸೂರಿನಡಿ ಹದಿನೆಂಟು ವರ್ಷ ಜುಟ್ಟು ಜುಟ್ಟು ಹಿಡಿಯದೆ ಬಾಳಿದ್ದು ನೆಂಟರಿಗೆಲ್ಲ ಸ್ವಲ್ಪ ನಿರಾಸೆಯನ್ನೇ ಉಂಟುಮಾಡಿದೆ.

ಮಹಡಿಯ ಕೋಣೆಯಲ್ಲಿ ಒಂದು ಕುರ್ಚಿಯೂ ಇಲ್ಲ. ನೆಲದ ತುಂಬ ಹಳೆಯ ಬಿಳಿ ದುಪ್ಪಟಿ ಹಾಸಿ, ಅದರ ಮೇಲೆ ಅಕ್ಕ ತುಂಡುಗಳನ್ನು ಇಡುತ್ತಾಳೆ. ನಮಗೆ ಹೆಸರು ತಂದಿದ್ದು ಪೆಟ್ಟಿಗೆ ಕೌದಿ. ವಜ್ರದಾಕಾರದ ಮೂರು ತುಂಡು ಒಂದಕ್ಕೊಂದು ತಾಗಿದರೆ ಒಂದು ಪೆಟ್ಟಿಗೆ. ಮೇಲಿನ ಮುಖಕ್ಕೆ ತಿಳಿ ಬಣ್ಣ, ಎಡಕ್ಕೆ ನಡು, ಬಲಕ್ಕೆ ಗಾಢ. ಈ ಮೂರು ಮೆಟ್ಟಿಲು ಸರಿಯಾಗಿದ್ದರೆ ಚಪ್ಪಟೆ ಬಟ್ಟೆಯ ಮೇಲೆ ಪೆಟ್ಟಿಗೆ ಎದ್ದು ನಿಲ್ಲುತ್ತದೆ, ನೋಡಲು ಬಂದ ಮಕ್ಕಳು ಅದರ ಅಂಚನ್ನು ಹಿಡಿಯಲು ಹೋಗುತ್ತಾರೆ. ಪಕ್ಕಪಕ್ಕದ ಎರಡು ತುಂಡು ಒಂದೇ ಗಾಢತೆಯವಾದರೆ ಪೆಟ್ಟಿಗೆ ಕುಸಿದುಬೀಳುತ್ತದೆ. ಬಣ್ಣ ಕೆಂಪೋ ಹಸಿರೋ ಎಂಬುದೆಲ್ಲ ಆಮೇಲಿನ ಮಾತು ಎಂದು ಅಕ್ಕ ಹೇಳುತ್ತಿದ್ದಳು. ಬಾಗಿಲ ಬಳಿ ನಿಂತು ಕಣ್ಣನ್ನು ಕಿರಿದು ಮಾಡಿಕೊಂಡು ನೋಡುವುದು ಅವಳ ಪದ್ಧತಿ. ಹಾಗೆ ನೋಡಿದರೆ ಬಣ್ಣಗಳು ಹಿಂದೆ ಸರಿದು ಬೆಳಕು ನೆರಳು ಮಾತ್ರ ಉಳಿಯುತ್ತವಂತೆ. ನನಗೂ ಹೇಳಿಕೊಟ್ಟಿದ್ದಳು. ನಾನು ಕಣ್ಣು ಕಿರಿದು ಮಾಡಿದರೆ ನನ್ನ ರೆಪ್ಪೆಗಳೇ ಕಾಣುತ್ತಿದ್ದವು.

ನನ್ನ ಹೆಮ್ಮೆ ಬೇರೆಯದು. ಮದುವೆಗೆ ಮುಂಚೆ ಐದು ವರ್ಷ ದಾರದ ಅಂಗಡಿಯಲ್ಲಿದ್ದೆ. ಬಟ್ಟೆಯನ್ನು ಒಮ್ಮೆ ನೋಡಿದರೆ ಸಾಕು, ಮರುದಿನ ಗಿರಾಕಿ ಬರಿಗೈಯಲ್ಲಿ ಬಂದರೂ ಅದಕ್ಕೆ ಒಪ್ಪುವ ದಾರದುಂಡೆ ತೆಗೆದು ಕೊಡುತ್ತಿದ್ದೆ. ಐವತ್ತು ಬಗೆಯ ನೀಲಿ ನನ್ನ ಬೆರಳ ತುದಿಯಲ್ಲಿದ್ದವು. ಬಣ್ಣದ ವಿಷಯದಲ್ಲಿ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ ಎಂಬ ಕೊಬ್ಬು ಬೆಳೆದದ್ದು ಆಗಲೇ.

ಮೂರು ವರ್ಷದ ಹಿಂದೆ ಒಂದು ದಿನ, ನೀಲಿ ಕೌದಿಯ ಸಾಲು ಎತ್ತಿಕೊಳ್ಳಲು ಮೇಲೆ ಹೋದಾಗ ನಡುವೆ ಬಾಟಲಿ ಹಸಿರಿನ ತುಂಡೊಂದು ಕಂಡಿತು. ಇದು ಯಾವ ಬಣ್ಣ ಅಕ್ಕ ಎಂದು ಏನೂ ಅರಿಯದವಳಂತೆ ಕೇಳಿದೆ. ಕಡುನೀಲಿ ಎಂದಳು. ಇನ್ನೊಂದು ವಾರ ಬಿಟ್ಟು ಕಾಫಿಪುಡಿ ಬಣ್ಣದ ತುಂಡನ್ನು ನೇರಳೆ ಎಂದಳು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬರುತ್ತಿದೆ, ಒಳಗಿನ ಮಸೂರ ಹಳದಿಗಟ್ಟಿರುವುದರಿಂದ ನೀಲಿ ಸರಿಯಾಗಿ ಕಾಣುವುದಿಲ್ಲ, ಆಪರೇಷನ್ ಮಾಡಬಹುದು, ಅವಸರವೇನಿಲ್ಲ ಎಂದರು ಡಾಕ್ಟರು. ಅಕ್ಕನ ಕಿವಿಗೆ ಬಿದ್ದದ್ದು ಕೊನೆಯ ಎರಡು ಮಾತು ಮಾತ್ರ. ನೀಲಿಯ ವಿಷಯ ಕೇಳಿಸಲೇ ಇಲ್ಲವೇನೋ ಎಂಬಂತೆ ಎದ್ದು ಬಂದಳು.

ಆಗ ನಾನು ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಸಾಲು ಸಾಲಾಗಿ ತುಂಡುಗಳನ್ನು ದಾರಕ್ಕೆ ಪೋಣಿಸಿಕೊಂಡು ಕೆಳಗೆ ಹೊಲಿಗೆ ಕೋಣೆಗೆ ತರುವುದು ನನ್ನ ಕೆಲಸ. ಅಲ್ಲಿ ಮೆಷಿನ್ನಿನ ಮುಂದೆ ಕೂತು ಹಸಿರನ್ನು ತೆಗೆದೆ, ಅದೇ ಅಳತೆಯ ಒಂದು ಒಳ್ಳೆಯ ನೀಲಿ ಸೇರಿಸಿ ಹೊಲಿದುಬಿಟ್ಟೆ. ತೆಗೆದ ತುಂಡನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಮುಂದಿನ ಕೌದಿಯಲ್ಲಿ ನಾಲ್ಕು ತುಂಡು, ಅದರ ಮುಂದಿನದರಲ್ಲಿ ಒಂಬತ್ತು. ಪಾಪ, ಅವಳ ಮನಸ್ಸು ನೋಯಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಅಕ್ಕನ ಕಣ್ಣೇ ಕಣ್ಣು ಎಂದು ಜನ ಹೊಗಳುವಾಗ ಪಕ್ಕದಲ್ಲಿ ನಿಂತು ನಾನು ಒಳಗೊಳಗೇ ಬೀಗುತ್ತಿದ್ದೆ. ಅದು ಉಳಿದರ್ಧ.

ಆಮೇಲೆ ಗ್ರಂಥಾಲಯದ ಕೌದಿ ಬಂತು. ಓದುವ ಕೋಣೆಯ ಉದ್ದ ಗೋಡೆಗೆ ತೂಗುಹಾಕಲು ನೀಲಿಯ ದೊಡ್ಡ ಪೆಟ್ಟಿಗೆ ಕೌದಿ ಬೇಕೆಂದು ಗ್ರಂಥಪಾಲಕಿ ಮನೆಗೇ ಬಂದು ಕೇಳಿದ್ದರು. ಅಕ್ಕ ನಲವತ್ತು ದಿನ ಮಂಡಿಯೂರಿ ಜೋಡಿಸಿದಳು. ಅದರಲ್ಲಿ ನಾನು ಬದಲಾಯಿಸಿದ್ದು ಇಪ್ಪತ್ಮೂರು ತುಂಡು, ಹೆಚ್ಚಿನವು ನಟ್ಟನಡುವೆ. ತೂಗುಹಾಕಿದ ದಿನ ಜನ ಚಪ್ಪಾಳೆ ತಟ್ಟಿದರು. ಅಕ್ಕ ಎದುರು ಗೋಡೆಗೆ ಬೆನ್ನು ತಾಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ಮುಖ ಚಿಕ್ಕದಾಯಿತು. ನನಗೆ ಕೌದಿ ಬಹಳ ಚೆನ್ನಾಗಿಯೇ ಕಂಡಿತ್ತು.

ದಾರಿಯಲ್ಲಿ ಬರುವಾಗ ಹೇಳಿದಳು: "ನೆಲದ ಮೇಲೆ ಎದ್ದು ನಿಂತಿತ್ತು ಕಣೇ. ಗೋಡೆ ಮೇಲೆ ಮಲಗಿಬಿಟ್ಟಿದೆ."

ಹಿಂದಿನ ಎರಡು ಕೌದಿಗಳೂ ಹಾಗೇ ಆಗಿದ್ದವಂತೆ. ಹೇಳಿಕೊಳ್ಳಲು ಹೆದರಿ ಸುಮ್ಮನಿದ್ದಳಂತೆ. ನಾನು ದೊಡ್ಡ ತಜ್ಞೆಯಂತೆ, ಎಲ್ಲ ಪೊರೆಯ ಕಿತಾಪತಿ, ಇನ್ನು ಮೀನಮೇಷ ಎಣಿಸಬೇಡ, ಆಪರೇಷನ್ ಮಾಡಿಸಿಕೋ ಎಂದೆ. ನಾನು ಹೇಳಿದ್ದರಲ್ಲಿ ಮೋಸವಿರಲಿಲ್ಲ, ನಿಜಕ್ಕೂ ಹಾಗೆಯೇ ನಂಬಿದ್ದೆ. ಎರಡು ವರ್ಷದಿಂದ ಜಗ್ಗದವಳು ಆ ಸಂಜೆ ಒಪ್ಪಿಕೊಂಡಳು.

ಮೊದಲು ಬಲಗಣ್ಣಿಗೆ ಆಯಿತು. ಪಟ್ಟಿ ಬಿಚ್ಚಿದ ದಿನದಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಒಂದು ಕಣ್ಣು ಮುಚ್ಚಿ ನೋಡುತ್ತಾಳೆ, ಇನ್ನೊಂದು ಮುಚ್ಚಿ ನೋಡುತ್ತಾಳೆ. ಎಡಗಣ್ಣಿಗೆ ಅಡುಗೆಮನೆಯ ಗೋಡೆ ಕೆನೆ ಬಣ್ಣ, ಬಲಗಣ್ಣಿಗೆ ಅಪ್ಪಟ ಬಿಳಿ. ಭಾವನ ಬೂದಿ ಬಣ್ಣದ ಅಂಗಿ ಬೂದಿಯಲ್ಲ, ನೀಲಿ. ನನ್ನನ್ನು ಕಿಟಕಿಯ ಹತ್ತಿರ ಕರೆದು ನಿಲ್ಲಿಸಿಕೊಂಡು, ನಿನಗಿಷ್ಟು ನರೆಕೂದಲು ಯಾವಾಗ ಬಂತು ಎಂದು ಕೇಳಿದಳು. ನನ್ನ ಗಂಡ ಬಾಗಿಲಲ್ಲಿ ನಿಂತು, ಅತ್ತಿಗೆ ದಯವಿಟ್ಟು ಇನ್ನೊಂದು ಕಣ್ಣಿಗೆ ಮಾಡಿಸಬೇಡಿ ಎಂದು ಕೈಮುಗಿದ.

ಮೂರನೆಯ ವಾರ, ಯಾರಿಗೂ ಹೇಳದೆ, ಒಬ್ಬಳೇ ನಡೆದುಕೊಂಡು ಗ್ರಂಥಾಲಯಕ್ಕೆ ಹೋಗಿ ಬಂದಳು. ನಾನು ಹೊಲಿಗೆ ಕೋಣೆಯಲ್ಲಿದ್ದೆ. ಕೈಲಿದ್ದ ಒಂದು ಹಾಳೆಯನ್ನು ಮೆಷಿನ್ನಿನ ಮೇಲಿಟ್ಟು, ಎದುರಿನ ಸ್ಟೂಲಿನ ಮೇಲೆ ಕೂತಳು.

"ಕಣ್ಣು ಸರಿಹೋಯ್ತು," ಎಂದಳು. "ಕೌದಿ ಸರಿಹೋಗ್ಲಿಲ್ಲ."

ಹೊಸ ಕಣ್ಣಲ್ಲಿ ನೋಡಿದಳಂತೆ, ಹಳೆಯ ಕಣ್ಣಲ್ಲಿ ನೋಡಿದಳಂತೆ, ಹತ್ತಿರದಿಂದ, ದೂರದಿಂದ, ಮೆಟ್ಟಿಲ ಮೇಲಿನಿಂದಲೂ ನೋಡಿದಳಂತೆ. ನಡುವಿನ ಪೆಟ್ಟಿಗೆಗಳು ಬಿದ್ದೇ ಇವೆ. ಅಂದಮೇಲೆ ತಪ್ಪು ಕಣ್ಣಿನದಲ್ಲ, ತನ್ನದೇ. ಇಪ್ಪತ್ತಾರು ವರ್ಷ ಜೋಡಿಸಿದ್ದಾಯಿತು, ತಲೆ ಕೈಕೊಟ್ಟಿದೆ ಎಂದು ಗೊತ್ತಾದ ಮೇಲೂ ಜೋಡಿಸುತ್ತಾ ಕೂರುವುದು ಸರಿಯಲ್ಲ ಎಂದಳು.

"ಇನ್ಮೇಲೆ ಮೇಲಿನ ಕೋಣೆ ನೀನೇ ನೋಡ್ಕೋ. ನಾನು ಅಂಚು ಹೊಲೀತೀನಿ."

ಅತ್ತು ಹೇಳಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದೆ. ಅವಳು ಬೀಗದಕೈ ಒಪ್ಪಿಸಿದಷ್ಟು ಸಲೀಸಾಗಿ ಹೇಳಿ ಎದ್ದುಹೋದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನನಗೆ ಸಂತೋಷವೇ ಆಯಿತು. ಆ ಬಿಳಿ ದುಪ್ಪಟಿಯ ಮೇಲೆ ನಾನೇ ಮೊದಲ ತುಂಡು ಇಡುವುದನ್ನು ಎಷ್ಟು ಸಲ ಮನಸ್ಸಿನಲ್ಲೇ ನೋಡಿಕೊಂಡಿದ್ದೆನೋ.

ಆಮೇಲೆ ಹಾಳೆಯ ಕಡೆ ನೋಡಿದೆ. ಗ್ರಂಥಾಲಯದವರು ಕೌದಿಯ ಫೋಟೋ ಹಾಕಿ ಮಾಡಿಸಿದ ಪ್ರಕಟಣೆ, ಕಪ್ಪು ಬಿಳುಪಿನ ಜೆರಾಕ್ಸ್. ನೀಲಿಯೂ ಇಲ್ಲ, ಹಸಿರೂ ಇಲ್ಲ. ಅಂಚಿನ ಪೆಟ್ಟಿಗೆಗಳು ಹೆಚ್ಚುಕಡಿಮೆ ಎಲ್ಲವೂ ಕೈಯಲ್ಲಿ ಎತ್ತಿಕೊಳ್ಳುವ ಹಾಗೆ ನಿಂತಿದ್ದವು. ನಡುವೆ ಒಂದು ಬೂದು ತೇಪೆ. ಅಲ್ಲಿ ಪೆಟ್ಟಿಗೆಯಿಲ್ಲ, ಬರೀ ಬಟ್ಟೆ. ನಾನು ಬದಲಾಯಿಸಿದ ಪ್ರತಿಯೊಂದು ತುಂಡಿನ ಜಾಗ ನನಗೆ ಬಾಯಿಪಾಠ. ಬೆರಳಿಟ್ಟು ಎಣಿಸಿದೆ. ಇಪ್ಪತ್ಮೂರರಲ್ಲಿ ಇಪ್ಪತ್ತೊಂದು ಆ ಬೂದು ತೇಪೆಯೊಳಗಿದ್ದವು, ಉಳಿದೆರಡರ ಪೆಟ್ಟಿಗೆಗಳು ಅಂಚಿನಲ್ಲಿ ಒಂಟಿಯಾಗಿ ಬಿದ್ದಿದ್ದವು.

ಆದರೂ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಡಬ್ಬಿಯಿಂದ ಬಾಟಲಿ ಹಸಿರು ತೆಗೆದೆ, ಅದರ ಜಾಗಕ್ಕೆ ಹಾಕಿದ್ದ ನೀಲಿಯ ಚೂರೊಂದನ್ನು ಹುಡುಕಿದೆ, ಅದರ ಪಕ್ಕದ ನಡುಬಣ್ಣದ ಚೂರನ್ನೂ ತೆಗೆದುಕೊಂಡು ಬೀದಿಯ ಜೆರಾಕ್ಸ್ ಅಂಗಡಿಗೆ ಹೋದೆ. ಬಟ್ಟೆಗೆ ಜೆರಾಕ್ಸ್ ಮಾಡುವುದಿಲ್ಲ ಎಂದು ಅಂಗಡಿಯವನು ಮುಖ ಸಿಂಡರಿಸಿದ. ಗಾಜಿನ ಮೇಲೆ ಮೂರನ್ನೂ ನಾನೇ ಇಟ್ಟೆ. ಹಾಳೆ ಬಂತು. ಅಕ್ಕನ ಹಸಿರು ಕಪ್ಪಗೆ, ಬೇಕಾದಷ್ಟೇ ಗಾಢ. ನನ್ನ ಥಳಥಳಿಸುವ ನೀಲಿ ಮತ್ತು ಅದರ ನೆರೆಯ ತುಂಡು, ಎರಡೂ ಒಂದೇ ಬೂದು, ನಡುವಿನ ಗೆರೆಯೂ ಕಾಣುವುದಿಲ್ಲ. ಹಳದಿಗಟ್ಟಿದ ಕಣ್ಣಲ್ಲಿ ಅವಳು ಬಣ್ಣದ ಹೆಸರು ತಪ್ಪು ಹೇಳಿದ್ದಳು, ಗಾಢತೆಯನ್ನು ತಪ್ಪಿರಲಿಲ್ಲ. ಐವತ್ತು ನೀಲಿ ಬಲ್ಲ ನಾನು ಪೆಟ್ಟಿಗೆಗಳನ್ನು ಒಂದೊಂದಾಗಿ ಒಡೆದುಹಾಕಿದ್ದೆ.

ಮನೆಗೆ ಬಂದು ಮೆಷಿನ್ನಿನ ಮುಂದೆ ಕೂತೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೇಲಿನ ಕೋಣೆ ನನ್ನದಾಗುತ್ತದೆ. ಅಕ್ಕ ಅಂಚು ಹೊಲಿಯುತ್ತಾ, ತನ್ನ ತಲೆ ಕೆಟ್ಟಿದೆ ಎಂದುಕೊಂಡೇ ಮುದುಕಿಯಾಗುತ್ತಾಳೆ. ಆ ಕೊನೆಯ ಮಾತನ್ನು ದಾಟಿ ಮುಂದೆ ಯೋಚಿಸಲು ನನ್ನಿಂದಾಗಲಿಲ್ಲ. ಡಬ್ಬಿ ತೆಗೆದುಕೊಂಡು ಮೇಲೆ ಹೋದೆ.

ಅಕ್ಕ ದುಪ್ಪಟಿ ಮಡಚುತ್ತಿದ್ದಳು. ಡಬ್ಬಿಯನ್ನು ನೆಲದ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಕೂತು, ಮುಚ್ಚಳ ತೆಗೆದು, ತುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಬಲಗಣ್ಣಲ್ಲಿ ನೋಡಿದಳು. ಬಾಟಲಿ ಹಸಿರು, ಕಾಫಿಪುಡಿ, ಪಾಚಿ.

"ಇದನ್ನ ನೀಲಿ ಅಂದಿದ್ನಾ ನಾನು?"

ಹೌದು ಎಂದೆ. ಎಷ್ಟು ಅಸಹ್ಯ ಬಣ್ಣ ಎಂದು ಅವಳೇ ಗೊಣಗಿದಳು. ಆಮೇಲೆ ಅವನ್ನು ತಿಳಿಯಿಂದ ಗಾಢಕ್ಕೆ ಸಾಲಾಗಿ ಇಡತೊಡಗಿದಳು.

"ಬಂದು ಹೇಳಿದ್ರೆ ಕೇಳ್ತಿರ್ಲಿಲ್ವಾ ನಾನು?"

ಕೇಳುತ್ತಿದ್ದಳು. ಅದಕ್ಕೇ ನಾನು ಹೇಳಿರಲಿಲ್ಲ. ಹೇಳಿದ್ದರೆ ಅಷ್ಟೇ ಗಾಢದ ನೀಲಿಯೊಂದನ್ನು ಹುಡುಕಿ ಇಡುತ್ತಿದ್ದಳು, ಕೌದಿ ಅವಳದಾಗಿಯೇ ಉಳಿಯುತ್ತಿತ್ತು. ನಿನಗೆ ನೋವಾಗಬಾರದು ಅಂತ ಎಂದು ಶುರು ಮಾಡಿದೆ. ಅವಳು ತಲೆಯೆತ್ತಿ ನೋಡಿದಳು. ಅಲ್ಲಿಗೇ ನಿಲ್ಲಿಸಿದೆ.

"ನನ್ನ ತಲೆ ಕೆಟ್ಟಿದೆ ಅಂತ ಒಬ್ಬಳೇ ಎಷ್ಟು ದಿನ ಹೆದರ್ಕೊಂಡು ಮಲಗಿದೀನಿ, ಗೊತ್ತಾ ನಿನಗೆ?"

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಗ್ರಂಥಾಲಯ ತೆರೆಯುವ ಮುಂಚಿನ ಗಂಟೆಗಳಲ್ಲಿ ನಾಲ್ಕು ದಿನ ಅಲ್ಲಿ ಕೂತು ಇಪ್ಪತ್ಮೂರು ತುಂಡುಗಳನ್ನೂ ಬಿಚ್ಚಿ ಬದಲಾಯಿಸಿದೆವು. ನಾನು ಹೊಲಿಗೆ ಬಿಡಿಸಿದೆ, ಅವಳು ಹೊಸ ನೀಲಿಗಳನ್ನು ಆರಿಸಿದಳು. ಯಾವ ನೀಲಿ ಎಂದು ನನ್ನನ್ನು ಕೇಳಲಿಲ್ಲ. ನಡುವಿನ ಪೆಟ್ಟಿಗೆಗಳು ಎದ್ದು ನಿಂತವು. ಅವಳು ಕಣ್ಣು ಕಿರಿದು ಮಾಡಿ ನೋಡಿ, ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿಕೊಂಡಳು.

ಮುಂದಿನ ಕೌದಿಯ ಸಾಲು ಎತ್ತಿಕೊಳ್ಳಲು ಮೇಲೆ ಹೋದಾಗ ನೋಡಿದರೆ, ಪ್ರತಿಯೊಂದು ತುಂಡಿಗೂ ಟಾಕು ಹಾಕಿದ್ದಳು. ಕೆಂಪು ದಾರದಲ್ಲಿ, ಅಡಿಗೆ ಹಳೆಬಟ್ಟೆಯ ಪಟ್ಟಿಯಿಟ್ಟು ಅದಕ್ಕೆ ಸೇರಿಸಿ, ತುದಿಗೆ ಗಂಟು. ಒಂದನ್ನು ಅಲುಗಿಸಿದರೂ ಗೊತ್ತಾಗುತ್ತದೆ. ಈ ಹೆಚ್ಚಿನ ಕೆಲಸ ಯಾಕೆ ಅತ್ತಿಗೆ ಎಂದು ನನ್ನ ಗಂಡ ಕೇಳಿದ್ದಕ್ಕೆ, ತುಂಡು ಜಾರಬಾರದಲ್ಲ ಎಂದಳು. ನನ್ನ ಮಾನ ಉಳಿಸಿದಳು. ಆದರೂ ನನಗೆ ಮೈಯೆಲ್ಲ ಉರಿಯಿತು. ಉರಿಯಲು ನನಗೇನು ಹಕ್ಕಿದೆ ಎಂದು ಗೊತ್ತಿದ್ದೂ ಉರಿಯಿತು. ಹೊಲಿದಾದ ಮೇಲೆ ಆ ಕೆಂಪು ದಾರಗಳನ್ನು ಕಿತ್ತು ಕಿತ್ತು ನನ್ನ ಉಗುರುಗಳು ನೊಂದವು. ಮೂರು ಕೌದಿ ಹಾಗೇ ಆದವು, ಅಷ್ಟರಲ್ಲಿ ಅವಳ ಎಡಗಣ್ಣಿಗೂ ಆಪರೇಷನ್ ಆಯಿತು.

ನಾಲ್ಕನೆಯದು ಟಾಕಿಲ್ಲದೆ ಬಂತು. ಮಧ್ಯಾಹ್ನ ಕೆಳಗೆ ಕೂತು ಹೊಲಿಯುತ್ತಿದ್ದೆ. ಆರನೆಯ ಸಾಲಿನಲ್ಲಿ, ಹಸಿರುಗಳ ನಡುವೆ, ಒಂದು ಇಟ್ಟಿಗೆ ಕೆಂಪು. ಎರಡೂ ಕಣ್ಣು ಸರಿಹೋಗಿರುವವಳು ಇಟ್ಟ ತುಂಡು. ತೀರಾ ಕಣ್ಣಿಗೆ ರಾಚುತ್ತಿತ್ತು. ಅದೇ ಗಾಢದ ಹಸಿರೊಂದು ನನ್ನ ಮುಂದಿನ ಬುಟ್ಟಿಯಲ್ಲೇ ಇತ್ತು. ಈಗ ನನಗೂ ಗಾಢತೆ ನೋಡಲು ಬರುತ್ತದೆ. ನನ್ನ ಕೈ ಬುಟ್ಟಿಯವರೆಗೆ ಹೋಯಿತು.

ಆ ಕೆಂಪು ತುಂಡನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಅಕ್ಕ ನೆಲದ ಮೇಲೆ ಬಗ್ಗಿ ಏನೋ ಅಳೆಯುತ್ತಿದ್ದಳು.

"ಅಕ್ಕ, ಇದು ತಪ್ಪು ಅನ್ಸುತ್ತೆ ನನಗೆ."

ಅವಳು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನನ್ನ ಮುಖ ನೋಡಿದಳು.

"ತಪ್ಪಲ್ಲ, ಬೇಕಂತಲೇ ಇಟ್ಟಿದ್ದು," ಎಂದು ವಾಪಸ್ಸು ಕೊಟ್ಟಳು. "ಆದ್ರೆ ಕೇಳ್ದೆಯಲ್ಲ."

ಇಳಿದು ಬಂದು ಅದನ್ನು ಅದರ ಜಾಗದಲ್ಲೇ ಇಟ್ಟು ಹೊಲಿದೆ. ನನಗೆ ಈಗಲೂ ಅದು ತಪ್ಪೆಂದೇ ಅನಿಸುತ್ತದೆ.